ಹನ್ನೊಂದು ಜನರ ಊರು

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾನು ನಡುಮನೆಯ ಗೋಡೆಯ ಮೇಲಿದ್ದ ಸ್ವಿಚ್ಚನ್ನು ಆರಿಸಿದೆ. ಗಡಿಯಾರ ನೋಡಿದ್ದು ಸರಿಯಾಗಿ ನೆನಪಿದೆ, ಏಕೆಂದರೆ ಹತ್ತೇ ನಿಮಿಷ, ನಾಲ್ಕೂ ಇಪ್ಪತ್ತಕ್ಕೆ ಮತ್ತೆ ಹಾಕಿಬಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಹಿತ್ತಲಿನ ಮಂಡಕ್ಕಿ ಭಟ್ಟಿಯ ಹೊಗೆ ಹೊರಗೆಳೆಯುವ ಫ್ಯಾನಿನ ಸ್ವಿಚ್ಚು. ಭಟ್ಟಿಯ ಮುಂದೆ ನನ್ನ ಫುಪ್ಪು, ಅಂದರೆ ಅಬ್ಬಾನ ಅಕ್ಕ, ಒಬ್ಬಳೇ ಕೂತಿದ್ದಳು. ಇತ್ತ ಮುಂದಿನ ಕೋಣೆಯಲ್ಲಿ, ಕಂಪ್ಯೂಟರಿನ ಪರದೆಯೊಳಗೆ, ಇಬ್ಬರು ಅಣ್ಣತಮ್ಮಂದಿರು ಒಂದು ಬಾವಿಗಾಗಿ ಮಾತು ಬಿಟ್ಟು ಕೂತಿದ್ದರು. ಅವರಿಬ್ಬರನ್ನು ಒಂದೇ ಊಟಕ್ಕೆ ಕೂರಿಸಬೇಕು ಎಂಬುದು ಆರು ದಿನಗಳಿಂದ ನನ್ನ ತಲೆಯೊಳಗಿದ್ದ ಒಂದೇ ಚಿಂತೆ. ನನಗಾಗ ಹದಿನಾರು ವರ್ಷ, ಮೊದಲ ಪಿಯುಸಿ. ತಿಳಿಯದ ವಯಸ್ಸು ಎಂದು ಹೇಳಿಕೊಳ್ಳುವ ಆಸೆ ಇಂದಿಗೂ ಆಗುತ್ತದೆ. ಆದರೆ ಆ ಫ್ಯಾನು ಯಾಕಿದೆ ಎಂದು ನನಗೆ ಚೆನ್ನಾಗಿ ತಿಳಿದಿತ್ತು.

ದಾವಣಗೆರೆಯಲ್ಲಿ ಭಟ್ಟಿಗಳೇ ತುಂಬಿದ್ದ ಓಣಿಯೊಂದರಲ್ಲಿ ನಮ್ಮ ಮನೆ. ಮೂರು ಕೋಣೆ, ಒಂದರ ಬೆನ್ನಿಗೊಂದು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಅಂಗಳ, ಅದರಾಚೆ ತಗಡಿನ ಮಾಡಿನ ಭಟ್ಟಿ. ಬೆಳಗಿನ ನಾಲ್ಕಕ್ಕೇ ಒಲೆ ಹೊತ್ತುತ್ತಿತ್ತು. ಭತ್ತದ ಹೊಟ್ಟು, ಅದು ಸಾಲದಾದಾಗ ಹಳೆಯ ಟೈರಿನ ತುಂಡು. ಕಾದ ಮರಳಿನ ಬಾಣಲೆಗೆ ಉಪ್ಪುನೀರು ಸವರಿದ ಅಕ್ಕಿ ಬಿದ್ದ ಕೂಡಲೇ ಚಟಪಟ ಸದ್ದೆದ್ದು, ಫುಪ್ಪು ಎರಡು ಸಲ ಕೈಯಾಡಿಸುವಷ್ಟರಲ್ಲಿ ಬಿಳಿಯಾಗಿ ಅರಳಿ, ಜರಡಿಗೆ ಬೀಳುತ್ತಿತ್ತು. ನಮ್ಮ ಬಟ್ಟೆ, ಪುಸ್ತಕ, ಹಾಸಿಗೆ, ಈದ್ ದಿನದ ಅತ್ತರು ಎಲ್ಲಕ್ಕೂ ಹೊಗೆಯ ವಾಸನೆ. ದಿನದ ಮೊದಲ ಜರಡಿಯಿಂದ ಫುಪ್ಪು ಒಂದು ಹಿಡಿ ತೆಗೆದು, ಊದಿ, ಒಂದೊಂದೇ ಕಾಳು ಹಲ್ಲಿಗೆ ಸಿಕ್ಕಿಸಿ ನೋಡುತ್ತಿದ್ದಳು. ಅಬ್ಬಾ ಚೀಲದ ಬಾಯಿ ಹಿಡಿದು ಅವಳ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಅವಳು ತಲೆಯಾಡಿಸಿದ ಮೇಲೆಯೇ ಚೀಲ ತುಂಬುವುದು. ಮದುವೆಯಾಗಿ ಎರಡು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದ ಹೆಂಗಸು ಅವಳು. ಆ ಮನೆಯಲ್ಲಿ ಯಾರೂ ಅವಳನ್ನು ಅನ್ನಕ್ಕಾಗಿ ಇದ್ದವಳೆಂದು ನೋಡದಂತೆ ಮಾಡಿದ್ದು ಆ ಬಾಣಲೆ.

ಮನೆಯಲ್ಲಿ ನಮ್ಮದು ಉರ್ದು. ಆದರೆ ಫುಪ್ಪು ಹರಿಹರದಲ್ಲಿ ಏಳನೆಯ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವಳು. ಬೈಯಬೇಕಾದಾಗ, ನಗಿಸಬೇಕಾದಾಗ, ನನ್ನ ಜೊತೆ ಒಬ್ಬಳೇ ಇದ್ದಾಗ ಅವಳ ಬಾಯಲ್ಲಿ ಕನ್ನಡವೇ ಬರುತ್ತಿತ್ತು. ಅಮ್ಮಿಗೆ ಪೂರ್ತಿ ಅರ್ಥವಾಗದ ಬೈಗುಳಗಳ ದೊಡ್ಡ ಗಂಟೇ ಅವಳ ಹತ್ತಿರ ಇತ್ತು. ಅದಕ್ಕೆ ಎರಡು ವರ್ಷ ಮೊದಲು ಅವಳಿಗೆ ಕೆಮ್ಮು ಹೆಚ್ಚಾದಾಗ ಅಬ್ಬಾ ಊರ ಹೊರಗಿನ ಕರೂರಿನ ಕಡೆ ಮುಚ್ಚಿಹೋದ ಕಾರ್ಖಾನೆಯಿಂದ ಆ ಹಳೆಯ ಫ್ಯಾನು ತಂದು ಭಟ್ಟಿಯ ಗೋಡೆ ಒಡೆದು ಕೂರಿಸಿದ್ದರು. ಹೊಟ್ಟಿನ ಧೂಳು ಹೊಕ್ಕು ಕೆಟ್ಟೀತೆಂದು ಸ್ವಿಚ್ಚನ್ನು ಭಟ್ಟಿಯಲ್ಲಿಡದೆ ನಡುಮನೆಯಲ್ಲಿಟ್ಟರು. ಫುಪ್ಪುವಿನ ಉಸಿರು ಹೀಗೆ ನನ್ನ ಕೈಗೆಟಕುವ ಗೋಡೆಗೆ ಬಂತು.

ಕಂಪ್ಯೂಟರು ಹರಿಹರದಿಂದ ಬಂದದ್ದು. ಅಬ್ಬಾನ ತಮ್ಮ, ನಮ್ಮ ಚಾಚಾ, ಅಲ್ಲಿ ಮದುವೆ ಕಾರ್ಡು ಅಚ್ಚು ಹಾಕುತ್ತಿದ್ದರು. ಹೊಸದು ತಗೊಂಡ ಮೇಲೆ ಹಳೆಯದನ್ನು, ಹುಡುಗ ಸೈನ್ಸ್ ಓದುತ್ತಾನೆ ಎಂದು, ಚಾದರದಲ್ಲಿ ಸುತ್ತಿ ಟೆಂಪೋದಲ್ಲಿ ಕಳಿಸಿದರು. ಆಟದ ಸಿಡಿ ಕೊಟ್ಟವನು ಕಾಲೇಜಿನ ಗೆಳೆಯ ಮಂಜುನಾಥ. ಶಾಮನೂರಿನವನು, ಹೊಲಮನೆ ಇದ್ದವರ ಮಗ. ಸಿಡಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೀ ‘ರಾಜ್ಯದ ಆಟ’ ಎಂದು ಬರೆದಿದ್ದ. ಆಟದಲ್ಲಿ ನೀನು ಒಬ್ಬ ಅಲೆಮಾರಿ. ಕತ್ತಿ, ಮಂತ್ರ, ರಾಕ್ಷಸ, ಏಳು ರಾಜ್ಯ, ನಿಮಿಷಕ್ಕೊಂದು ಯುದ್ಧ. ಆದರೆ ಆಟ ಶುರುವಾಗುತ್ತಿದ್ದುದು ಹೊಳೆ ಸುತ್ತುವರಿದ ಒಂದು ಪುಟ್ಟ ಹಳ್ಳಿಯಲ್ಲಿ. ಅಲ್ಲಿ ಹನ್ನೊಂದು ಜನ. ಸೇತುವೆ ದಾಟಿದರೆ ರಾಕ್ಷಸನ ಕಥೆ. ಮಂಜುನಾಥ ಅರ್ಧ ಗಂಟೆಯಲ್ಲಿ ಸೇತುವೆ ದಾಟಿದ್ದ. ನಾನು ಎರಡು ತಿಂಗಳಾದರೂ ದಾಟಿರಲಿಲ್ಲ.

“ಏನಲೇ, ಇನ್ನೂ ಅಲ್ಲೇ ಅದೀಯೇನು?” ಎಂದು ಅವನು ಕಾಲೇಜಿನ ಕಾಂಪೌಂಡಿನ ಮೇಲೆ ಕೂತು ಕೇಳುತ್ತಿದ್ದ.

“ಅಲ್ಲೇ ಅದೀನಿ.”

“ಹೊರಗೆ ರಾಕ್ಷಸ ಅರ್ಧ ರಾಜ್ಯ ನುಂಗ್ಯಾನೆ. ನೀನು ಮುದುಕಿ ಕೋಳಿ ಹುಡುಕ್ಕೊಂತ ಕೂತೀಯ.”

“ಕೋಳಿ ನಿನ್ನೆ ಸಿಕ್ತು.”

“ಹೌದಾ? ಹಂಗಾರೆ ಊರಿಗೆಲ್ಲ ಸಕ್ಕರೆ ಹಂಚು.”

ನಾನು ಯಾಕೆ ಸೇತುವೆ ದಾಟಲಿಲ್ಲ? ಈಗ ಹೇಳಬಲ್ಲೆ. ಅವನು ತೋರಿಸಿದ ರಾಜಧಾನಿಯಲ್ಲಿ ನೂರು ಬಾಗಿಲುಗಳಿದ್ದವು, ತೊಂಬತ್ತು ಬರೀ ಗೋಡೆಯ ಮೇಲಿನ ಬಣ್ಣ. ಬೀದಿಯಲ್ಲಿ ಸಿಕ್ಕವರೆಲ್ಲ ಒಂದೇ ವಾಕ್ಯ ಹೇಳುತ್ತಿದ್ದರು. ಅವರನ್ನು ಕಾಪಾಡು ಎಂದರೆ ಯಾರನ್ನು ಕಾಪಾಡುವುದು? ನನ್ನ ಹಳ್ಳಿಯಲ್ಲಿ ಪ್ರತಿ ಬಾಗಿಲೂ ತೆರೆಯುತ್ತಿತ್ತು. ರೊಟ್ಟಿ ಸುಡುವವಳ ಅಂಗಡಿಯಿಂದ ಕೇಳದೆ ರೊಟ್ಟಿ ಎತ್ತಿಕೊಂಡರೆ ಮರುದಿನ ಅವಳು ಮಾತಾಡುತ್ತಿರಲಿಲ್ಲ. ಅದನ್ನು ಅವಳ ತಂಗಿಗೂ ಹೇಳಿರುತ್ತಿದ್ದಳು. ಕಮ್ಮಾರನಿಗೆ ಸುಳ್ಳು ಹೇಳಿದರೆ ಮೂರು ದಿನಕ್ಕೆ ಅದು ಅಂಬಿಗನ ಬಾಯಿಂದ ವಾಪಸು ಬರುತ್ತಿತ್ತು. ಜಗತ್ತು ಉಳಿಯುವುದೋ ಮುಳುಗುವುದೋ ಎಂಬ ಪ್ರಶ್ನೆ ಅಲ್ಲಿರಲಿಲ್ಲ. ಗಿರಣಿಯ ಹುಡುಗಿಗೆ ಹೊಸ ಕೊಡ ಸಿಗುತ್ತದೆಯೇ, ಈ ಅಣ್ಣತಮ್ಮಂದಿರು ಬಾವಿಯ ನೀರು ಹಂಚಿಕೊಳ್ಳುತ್ತಾರೆಯೇ, ಇಂಥವೇ. ಸಣ್ಣ ಜಾಗದಲ್ಲಿ ನೀನು ಮಾಡಿದ್ದು ಯಾರದೋ ಮುಖದ ಮೇಲೆ ಕಾಣುತ್ತದೆ. ನನ್ನಂಥ ಹುಡುಗ, ಕಾಲೇಜಿನ ನೂರಿಪ್ಪತ್ತು ಜನರ ಕ್ಲಾಸಿನಲ್ಲಿ ಹಾಜರಿ ನಂಬರಾಗಿ ಕೂತವನು, ಆ ಹನ್ನೊಂದು ಜನಕ್ಕೆ ಬೇಕಾದವನಾಗಿದ್ದ. ಅವರ ದಿನಚರಿ ಪೂರ್ತಿ ಬಾಯಿಪಾಠ: ಅಂಬಿಗ ಎಷ್ಟಕ್ಕೆ ಏಳುತ್ತಾನೆ, ಮುದುಕಿಗೆ ಯಾವ ಮೊಣಕಾಲು ನೋವು. ಅದೇ ಹೊತ್ತಿನಲ್ಲಿ ಫುಪ್ಪು ಮಧ್ಯಾಹ್ನ ಕೂತು ಉಣ್ಣುತ್ತಾಳೋ, ಬಾಣಲೆಯ ಪಕ್ಕದಲ್ಲೇ ನಿಂತು ಮುಗಿಸುತ್ತಾಳೋ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿದ್ದದ್ದು ಐದೇ ಜನ.

ತೊಂದರೆ ವೋಲ್ಟೇಜಿನದು. ಫ್ಯಾನು ತಿರುಗುತ್ತಿದ್ದರೆ ಪರದೆಯ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗುತ್ತಿತ್ತು. ಸ್ಟೆಬಿಲೈಸರು ಟಕಟಕ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಕಂಪ್ಯೂಟರು ತಾನೇ ಆರಿ ಮೊದಲಿನಿಂದ ಶುರು. ಹಳ್ಳಿಯ ಗುಡಿಯ ಮುಂದಿನ ಕಲ್ಲನ್ನು ಮುಟ್ಟಿದರೆ ಮಾತ್ರ ಆಟ ಉಳಿಯುತ್ತಿತ್ತು. ಮುಟ್ಟುವ ಮೊದಲು ಆರಿದರೆ ಅಂದಿನ ಮಾತುಕತೆ ಎಲ್ಲ ನೀರುಪಾಲು. ಅಣ್ಣತಮ್ಮಂದಿರ ರಾಜಿ ಎರಡು ಸಲ ಹೀಗೆ ಹಾಳಾಗಿತ್ತು. ಹಾಗಾಗಿ ಆ ವಾರ ಎರಡು ಮೂರು ಸಲ ಫ್ಯಾನು ಆರಿಸಿ ನೋಡಿದ್ದೆ. ಏನೂ ಆಗಿರಲಿಲ್ಲ. ಫುಪ್ಪು ಕರೆಂಟು ಹೋಯಿತೆಂದುಕೊಂಡು ಅಂಗಳಕ್ಕೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಒಳಗೆ ಹೋಗಿದ್ದಳು. ನಾನು ಲೆಕ್ಕಕ್ಕೆ ಹಿಡಿಯದಿದ್ದದ್ದು ತಾಡಪಾಲು. ಥಂಡಿ ಗಾಳಿ ಬೀಸಿದರೆ ಮಂಡಕ್ಕಿ ಮೆತ್ತಗಾಗುತ್ತದೆ. ಅಂಥ ದಿನ ಭಟ್ಟಿಯ ತೆರೆದ ಬದಿಗೆ ತಾಡಪಾಲು ಇಳಿಬಿಟ್ಟು ಕೆಳಗೆ ಕಲ್ಲು ಹೇರುತ್ತಿದ್ದರು. ಅಂದು ಬೆಳಗಿನಿಂದ ಹನಿ ಇತ್ತು. ಅಬ್ಬಾ ಚೀಲಗಳ ಜೊತೆ ಪೇಟೆಗೆ ಹೋಗಿದ್ದರು. ಅಮ್ಮಿ ಓಣಿಯ ಆಚೆ ಬಾಣಂತಿಯೊಬ್ಬಳನ್ನು ನೋಡಲು ಹೋಗಿದ್ದಳು. ಜರಡಿ ಹಿಡಿಯುವವರಿಲ್ಲದೆ ಫುಪ್ಪು ಎರಡೂ ಕೆಲಸ ಒಬ್ಬಳೇ ಮಾಡುತ್ತಿದ್ದಳು, ಬಾಣಲೆ ಬಿಟ್ಟು ಏಳುವ ಹಾಗಿರಲಿಲ್ಲ. ಇದೆಲ್ಲ ನನಗೆ ಹತ್ತು ಹೆಜ್ಜೆ ದೂರದ ಸಂಗತಿ. ನಾಲ್ಕೂ ಇಪ್ಪತ್ತಾಯಿತು. ಪರದೆಯೊಳಗಿನ ಅಣ್ಣ ಮೆತ್ತಗಾಗಿದ್ದ, ತಮ್ಮ ಇನ್ನೂ ಬಿಗಿದುಕೊಂಡಿದ್ದ. ಇನ್ನೊಂದು ಹತ್ತು ನಿಮಿಷ ಅಂದುಕೊಂಡೆ.

ನಾಲ್ಕೂ ಮುಕ್ಕಾಲಿಗೆ ತಂಗಿ ನಸೀಮಾ ಅರಬಿ ಕ್ಲಾಸಿನಿಂದ ಬಂದಳು. ಒಂಬತ್ತು ವರ್ಷ ಅವಳಿಗೆ. ಮಂಡಕ್ಕಿ ಕೇಳಲು ನೇರ ಹಿತ್ತಲಿಗೆ ಹೋದವಳು ತಿರುಗಿ ಬಂದು ನನ್ನ ಕುರ್ಚಿಯ ಹಿಂದೆ ನಿಂತಳು.

“ಭೈಯಾ, ಫುಪ್ಪು ಮಲಗಿಬಿಟ್ಟಿದ್ದಾಳೆ. ಭಟ್ಟಿ ಮುಂದೆ.”

“ಹೂಂ.”

“ಕರೆದರೆ ಮಾತಾಡ್ತಿಲ್ಲ. ಒಳಗೆಲ್ಲ ಹೊಗೆ.”

“ಬಂದೆ, ನಡಿ.”

ಪರದೆಯಲ್ಲಿ ತಮ್ಮ ಆಗಷ್ಟೇ ಹೂಂ ಎಂದಿದ್ದ. ಇಬ್ಬರೂ ಒಂದೇ ಮಣೆಗೆ ಬಂದು ಕೂತಿದ್ದರು. ಗುಡಿಯ ಕಲ್ಲು ಹಳ್ಳಿಯ ಇನ್ನೊಂದು ತುದಿಯಲ್ಲಿ. ನಾನು ಬಾವಿ ದಾಟಿ, ಕಮ್ಮಾರನ ಮನೆ ದಾಟಿ, ರೊಟ್ಟಿ ಅಂಗಡಿಯ ಮುಂದೆ ಹಾದು ಹೋಗಿ ಆ ಕಲ್ಲನ್ನು ಮುಟ್ಟಿದೆ. ಎರಡು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ನಸೀಮಾ ನನ್ನ ಹಿಂದೆಯೇ ನಿಂತಿದ್ದಳು, ಅವಳ ಉಸಿರು ಕೇಳುತ್ತಿತ್ತು. ಮುಟ್ಟಿದ ಮೇಲೆ ಎದ್ದೆ. ಎದ್ದವನು ಮೊದಲು ಮಾಡಿದ್ದು ಸ್ವಿಚ್ಚು ಹಾಕಿದ್ದು. ಫುಪ್ಪುವಿಗೆ ಗಾಳಿ ಬರಲೆಂದು ಹಾಕಿದೆ ಎಂದು ಬಹಳ ವರ್ಷ ನಂಬಿಸಿಕೊಂಡೆ. ಯಾರಾದರೂ ಬಂದು ನೋಡಿದರೆ ಫ್ಯಾನು ತಿರುಗುತ್ತಿರಲಿ ಎಂದು ಹಾಕಿದ್ದು ಅದು.

ತಾಡಪಾಲಿನ ಕಲ್ಲು ಸರಿಸಿ ಒಳಗೆ ಹೋದಾಗ ಅವಳು ಒಂದು ಮಗ್ಗುಲಿಗೆ ಬಿದ್ದಿದ್ದಳು. ಬಾಣಲೆಯ ಅಂಚಿಗೂ ಅವಳ ಕೆನ್ನೆಗೂ ಒಂದು ಗೇಣು. ಬಾಣಲೆಯಲ್ಲಿ ಅಕ್ಕಿ ಕರ್ರಗೆ ಸುಟ್ಟಿತ್ತು. ನಾನು ರಟ್ಟೆ ಹಿಡಿದು ಎಳೆದೆ, ಅವಳು ಜಗ್ಗಲಿಲ್ಲ. ಹೊಟ್ಟಿನ ಗಾಡಿಯ ಶಿವಣ್ಣ ಆಗ ಓಣಿಯಲ್ಲಿ ಎತ್ತು ಬಿಚ್ಚುತ್ತಿದ್ದ. ನಸೀಮಾ ಹೋಗಿ ಅವನನ್ನು ಕರೆತಂದಳು, ನಾನಲ್ಲ.

“ತಮ್ಮಾ, ಕಾಲು ಹಿಡಿ ನೀನು. ಬಾಯಿ ಮುಚ್ಚಿಕೆಂಡು ಹಿಡಿ, ಉಸಿರು ತಗಬ್ಯಾಡ,” ಎಂದು ಅವನು ಹೆಗಲಿಗೆ ಕೈ ಕೊಟ್ಟ. ಅಂಗಳದಲ್ಲಿ ಮಲಗಿಸಿ ಮುಖಕ್ಕೆ ನೀರು ಹೊಡೆದ. “ಅಕ್ಕಾರೆ, ಕಣ್ಣು ತೆಗೀರಿ. ಅಕ್ಕಾರೆ, ಹೊಟ್ಟು ತಂದೀನಿ, ಎಲ್ಲಿಗೆ ಹಾಕಲಿ ಹೇಳ್ರಿ.”

ಅವಳ ತುಟಿ ಅಲುಗಿತು. ಆಟೋದಲ್ಲಿ ನನ್ನ ತೊಡೆಯ ಮೇಲೆ ಅವಳ ತಲೆ ಇತ್ತು. ಆ ಮುಖದ ಬಣ್ಣ ಎಂದಿಗಿಂತ ಕೆಂಪಾಗಿ, ಆರೋಗ್ಯವಂತರ ಹಾಗೆ ಕಾಣುತ್ತಿತ್ತು. ಮುಂದೆ ಬಿಎಸ್ಸಿಯಲ್ಲಿ ಮೇಷ್ಟ್ರು ಕಾರ್ಬನ್ ಮಾನಾಕ್ಸೈಡ್ ಪಾಠ ಮಾಡುತ್ತಾ, ಅದು ಹೊಕ್ಕವರ ಚರ್ಮ ಕೆಂಪಗಾಗಬಹುದು ಎಂದು ಹೇಳಿದ ದಿನ ನಾನು ಕ್ಲಾಸಿನ ನಡುವೆ ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತುಕೊಂಡೆ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಕತ್ತಲಾಗುವ ಮೊದಲು ಅವಳಿಗೆ ಎಚ್ಚರವಾಯಿತು. ಅಷ್ಟರಲ್ಲಿ ಅಬ್ಬಾ ಪೇಟೆಯಿಂದ ಮನೆಗೆ ಹೋಗಿ, ಅಲ್ಲಿಂದ ಓಡಿ ಬಂದಿದ್ದರು. ಡಾಕ್ಟರು ಅವರನ್ನು ಹೊರಗೆ ಕರೆದು ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ.

“ಹೊಗೆ ಹೊರಗೆ ಹೋಗಾಕೆ ಏನ್ ವ್ಯವಸ್ಥೆ ಐತ್ರಿ?”

“ಫ್ಯಾನ್ ಐತ್ರಿ ಸಾರ್. ನಾನು ಮನೆಗೆ ಬಂದಾಗ್ಲೂ ತಿರುಗ್ತಾ ಇತ್ತು.”

“ಫ್ಯಾನ್ ನಡೀತಿದ್ರೂ ಹಿಂಗಾತು ಅಂದ್ರೆ ಇವರದ್ದೇ ಹೃದಯ, ಶ್ವಾಸಕೋಶ ಸೋತಾವೆ ಅಂತ ಇಟ್ಕೊಳ್ಳಿ. ಇನ್ನು ಭಟ್ಟಿ ಮುಂದೆ ಕೂಡ್ರಿಸಬ್ಯಾಡ್ರಿ.”

ಅಬ್ಬಾ ನನ್ನ ಕಡೆ ತಿರುಗಿದರು. “ತಿರುಗ್ತಿತ್ತಲ್ಲ?” ಎಂದರು, ಉರ್ದುವಿನಲ್ಲಿ, ಬರೀ ಖಾತ್ರಿಗಾಗಿ. ನಾನು ಹೌದು ಎಂದೆ.

ಅಷ್ಟೇ ಒಂದು ಹೌದು. ಅದರ ಮೇಲೆ ಒಂದು ಸಂಸಾರದ ಏರ್ಪಾಡೆಲ್ಲ ಕೂತಿತು. ವಾರದೊಳಗೆ ಫುಪ್ಪುವನ್ನು ಹರಿಹರಕ್ಕೆ, ಚಾಚಾನ ಮನೆಗೆ ಕಳಿಸಿದರು. ಅಲ್ಲಿ ಹೊಗೆ ಇಲ್ಲ, ಹೊಳೆಯ ಗಾಳಿ ಇದೆ ಎಂದರು. ಅವಳು ಟ್ರಂಕು ಕಟ್ಟಿಕೊಂಡಳು. ಬೈಯಲಿಲ್ಲ, ಅದೇ ನಮಗೆಲ್ಲ ಹೆದರಿಕೆ ಹುಟ್ಟಿಸಿದ್ದು. ಹೊರಡುವಾಗ ಬಾಣಲೆಯ ಮರಳನ್ನು ಕೈಯಲ್ಲಿ ಒಮ್ಮೆ ಹಾರಿಸಿ ನೋಡಿ, “ನನ್ನ ಕೈ ಸೋತು ಹೋತು” ಎಂದಳು, ಯಾರಿಗೂ ಅಲ್ಲ. ಅವಳ ಜಾಗದಲ್ಲಿ ಅಮ್ಮಿ ಕೂತಳು. ಅರ್ಧ ಅರಳಿದ, ಅರ್ಧ ಗಟ್ಟಿ ಕಾಳಿನ ಮಂಡಕ್ಕಿ ಬರತೊಡಗಿತು. ಅಂಗಡಿಯವರು ಚೀಲ ವಾಪಸು ಕಳಿಸಿದರು. ಅಮ್ಮಿ ಬೆಂಕಿಯ ಮುಂದೆ ಅಳುತ್ತಿದ್ದಳು, ಅಬ್ಬಾ ಊಟದ ತಟ್ಟೆ ಸರಿಸಿ ಏಳುತ್ತಿದ್ದರು. ರಾತ್ರಿ ಯಾರೂ ಸರಿಯಾಗಿ ಮಲಗುತ್ತಿರಲಿಲ್ಲ. ನಸೀಮಾ ನಿದ್ದೆಯಲ್ಲಿ ಎದ್ದು ಕೂತು, ಫುಪ್ಪು ಮಾತಾಡ್ತಿಲ್ಲ, ಭೈಯಾ ಬಾ ಎಂದು ಅಳುತ್ತಿದ್ದಳು. ಪ್ರತಿ ರಾತ್ರಿ ಅದೇ ಮಾತು. ನಾನು ಮುಸುಕು ಎಳೆದುಕೊಂಡು ಯಾರಿಗಾದರೂ ಅರ್ಥವಾಯಿತೇ ಎಂದು ಕಿವಿಗೊಟ್ಟು ಮಲಗಿರುತ್ತಿದ್ದೆ. ಕಂಪ್ಯೂಟರಿಗೆ ಮತ್ತೆ ಚಾದರ ಹೊದಿಸಿದ್ದೆ. ಪರೀಕ್ಷೆ ಬಂತು, ಓದಬೇಕು ಎಂದೆ. ಹುಡುಗ ಎಷ್ಟು ಜವಾಬ್ದಾರಿಯವನಾದ ಎಂದು ಅಮ್ಮಿ ನೆರೆಯವರ ಮುಂದೆ ಹೇಳಿದಳು.

ಅವಳು ಹೋದ ಹತ್ತೊಂಬತ್ತನೆಯ ದಿನ, ಭಾನುವಾರ, ಹರಿಹರದ ಬಸ್ಸು ಹತ್ತಿದೆ. ಧೈರ್ಯದಿಂದಲ್ಲ. ಹಿಂದಿನ ದಿನ ಅಬ್ಬಾ ಭಟ್ಟಿ ಮುಚ್ಚುವ ಮಾತಾಡಿದ್ದರು. ಚಾಚಾನ ಮನೆಯ ಮುಂದಿನ ಕೋಣೆಯಲ್ಲಿ ಫುಪ್ಪು ಮದುವೆ ಕಾರ್ಡು ಮಡಚುತ್ತಾ ಕೂತಿದ್ದಳು. ಹೊಗೆಯಿಲ್ಲದ ಸೀರೆಯಲ್ಲಿ ಅವಳು ಬೇರೆ ಯಾರೋ ಅನ್ನಿಸಿತು.

“ಬಾ ಬೇಟಾ, ಕೂತ್ಕೋ. ಯಾರ್ಯಾರದೋ ಮದುವೆ ಮಾಡಾಕತ್ತೀನಿ ಇಲ್ಲಿ,” ಎಂದಳು. “ಮಸಿ ಒಣಗೋ ತನಕ ಮುಟ್ಟಬ್ಯಾಡ ಅಂತಾನೆ ನಿಮ್ಮ ಚಾಚಾ. ಅವನಿಗೆ ನಾನು ಕೂಸು ಆಗೀನಿ. ಮನ್ಯಾಗೆ ಹೆಂಗದಾರೆ ಎಲ್ರೂ?”

ನಾನು ನಿಂತೇ ಹೇಳಿದೆ. ಫ್ಯಾನು ಆರಿಸಿದ್ದು, ಯಾಕೆ ಆರಿಸಿದ್ದು, ಆಮೇಲೆ ಹಾಕಿದ್ದು, ಡಾಕ್ಟರ ಮುಂದೆ ಹೌದು ಎಂದಿದ್ದು. ಅವಳು ಕೈಯಲ್ಲಿದ್ದ ಕಾರ್ಡನ್ನು ಮಡಚಿ ಮುಗಿಸಿ ಉಳಿದವುಗಳ ಮೇಲಿಟ್ಟಳು.

“ಹಂಗಾರೆ ನನಗೆ ರೋಗ ಇಲ್ಲ.”

“ಇಲ್ಲ ಫುಪ್ಪು.”

“ಹೃದಯ ಸೋತಿಲ್ಲ.”

“ಇಲ್ಲ.”

ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಾನೂ ಸ್ವಲ್ಪ ನಕ್ಕೆ. ಆಗ ಅವಳು ಎದ್ದು ನನ್ನ ಕೆನ್ನೆಗೆ ಹೊಡೆದಳು. ಮರಳು ತಿರುಗಿಸಿ ಗಟ್ಟಿಯಾದ ಕೈ, ಕಿವಿ ಗುಂಯ್ ಎಂದಿತು.

“ಹತ್ತೊಂಬತ್ತು ದಿನ ನಾನು ಸಾಯ್ತೀನಿ ಅಂತ ಕೂತೀನಿ ಇಲ್ಲಿ. ಸತ್ತರೆ ಇಲ್ಲೇ ಮಣ್ಣು ಮಾಡ್ತಾರೋ ದಾವಣಗೆರೆಗೆ ಒಯ್ತಾರೋ ಅಂತ ಯೋಚನೆ ಮಾಡೀನಿ. ಫ್ಯಾನ್ ಆರಿಸಿದ್ದಕ್ಕೆ ಹೊಡೀಲಿಲ್ಲ ನಿನ್ನ. ತಿಳೀತೇನು?”

ತಿಳಿಯಿತು ಎಂದೆ. ಅವಳು ಟ್ರಂಕು ಎಳೆದುಕೊಂಡಳು. ಚಾಚಾ ಊಟ ಮಾಡಿ ಹೋಗಿ ಎಂದರೂ ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ದಾವಣಗೆರೆ ಬರುವವರೆಗೆ ನನ್ನ ಕಡೆ ತಿರುಗಲಿಲ್ಲ.

ಅಬ್ಬಾನಿಗೆ ನಾನೇ ಹೇಳಬೇಕು ಎಂದು ಅವಳ ಹುಕುಂ. ಅವಳು ಪಕ್ಕದಲ್ಲಿ ನಿಂತು, ನಾನು ಒಂದು ಮಾತು ನುಂಗಿದರೆ “ಅದನ್ನೂ ಹೇಳು” ಎನ್ನುತ್ತಿದ್ದಳು. ಅಬ್ಬಾ ಹೊಡೆಯಲಿಲ್ಲ. ಕೇಳಿ ಮುಗಿಸಿ, “ಡಾಕ್ಟರಿಗೆ ನಾನೇ ಸುಳ್ಳು ಹೇಳಿದ ಹಾಗಾಯ್ತಲ್ಲ” ಎಂದು ಮೆಲ್ಲಗೆ ಅಂದರು. ಅದು ಹೊಡೆತಕ್ಕಿಂತ ಆಳಕ್ಕೆ ಹೋಗಿ ತಾಗಿತು. ಮರುದಿನ ಡಾಕ್ಟರನ್ನು ಕಂಡು ನಿಜ ಹೇಳಿ, ಫುಪ್ಪುವಿನ ಎದೆ ಇನ್ನೊಮ್ಮೆ ನೋಡಿಸಿ ಬಂದರು. ಆಮೇಲೆ ಸ್ವಿಚ್ಚನ್ನು ನಡುಮನೆಯಿಂದ ಕಿತ್ತು ಅಂಗಳದ ಗೋಡೆಗೆ, ಫುಪ್ಪು ಕೂತಲ್ಲಿಂದ ಕಾಣುವ ಕಡೆ ಹಾಕಿಸಿದರು. ತಾಡಪಾಲಿನ ಮೇಲೆ ಎರಡಡಿ ಕಿಂಡಿ ಬಿಡಿಸಿದರು. ನಾನು ಎಲ್ಲವನ್ನೂ ಹೇಳುತ್ತಿದ್ದಾಗ ನಸೀಮಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳು ಬಂದು ಕರೆದ ಮೇಲಿನ ಆ ಎರಡು ನಿಮಿಷದ ವಿಷಯಕ್ಕೆ ಬಂದಾಗ ನನ್ನ ಬಾಯಿ, “ನಸೀಮಾ ಹೇಳಿದ ಕೂಡಲೇ ಓಡಿದೆ” ಎಂದಿತು. “ಅದನ್ನೂ ಹೇಳು” ಎನ್ನಲು ಫುಪ್ಪುವಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವಳು ನನ್ನನ್ನು ನೋಡಿದಳು. ಆಮೇಲೆ ಚೌಕಟ್ಟು ಬಿಟ್ಟು ಒಳಗೆ ಹೋದಳು.

ಎರಡು ದಿನ ಬಿಟ್ಟು ಫುಪ್ಪು ತಾನೇ ಕಂಪ್ಯೂಟರಿನ ಚಾದರ ತೆಗೆದಳು. “ತೋರಿಸು, ಯಾವ ಊರದು, ನನ್ನ ಜೀವಕ್ಕಿಂತ ಹೆಚ್ಚಿಂದು.” ನಾನು ಹಾಕಿ ತೋರಿಸಿದೆ. ಅವಳು ಕುರ್ಚಿಯಲ್ಲಿ ಕಾಲು ಮಡಚಿ ಕೂತು, ಬೆರಳಿನಿಂದ ಪರದೆ ಮುಟ್ಟುತ್ತಾ ಪ್ರತಿ ಮನೆಯನ್ನೂ ಹೊಕ್ಕು ಬಂದಳು.

“ಇಷ್ಟು ಜನ ರೊಟ್ಟಿ ತಿಂತಾರೆ. ಈಕೆ ಒಲೆಗೆ ಹೊಗೆಗೂಡೇ ಇಲ್ಲಲ್ಲೋ.”

“ಆಟ ಅಲ್ವಾ ಫುಪ್ಪು.”

“ಸಂಡಾಸಿಗೆ ಎಲ್ಲಿಗೆ ಹೋಗ್ತಾರೆ?” ಸ್ವಲ್ಪ ಹೊತ್ತು ನೋಡಿ, “ಊರೇನೋ ಚೊಲೋ ಐತೆ. ಸಣ್ಣದು. ಎಲ್ರಿಗೂ ಎಲ್ರೂ ಬೇಕು ಅಲ್ಲಿ,” ಎಂದಳು. ಹೊಗಳಿಕೆಯೋ ಚುಚ್ಚೋ ಆಗ ತಿಳಿಯಲಿಲ್ಲ. ಈಗಲೂ ಖಚಿತವಿಲ್ಲ. ನಾನು ಆ ಆಟವನ್ನು ಮತ್ತೆ ಆಡಲಿಲ್ಲ. ಆದರೆ ಆಮೇಲೆ ಆಡಿದ ಆಟಗಳಲ್ಲೂ ಹಿಡಿಸಿದ್ದು ಅಂಥ ಸಣ್ಣ ಊರುಗಳೇ. ಆ ರುಚಿ ಹೋಗಲಿಲ್ಲ, ಅದರ ಜೊತೆಗಿನ ನಾಚಿಕೆಯೂ.

ಮರುದಿನ ಬೆಳಿಗ್ಗೆ ಅವಳು ಭಟ್ಟಿಯ ಮುಂದೆ ಕೂತಳು. ಮೊದಲ ಜರಡಿಯ ಹಿಡಿ ಹಲ್ಲಿಗೆ ಸಿಕ್ಕಿಸಿ, ಅಮ್ಮಿ ಮರಳನ್ನು ಹಾಳು ಮಾಡಿದ್ದಾಳೆಂದು ಕನ್ನಡದಲ್ಲಿ ಉದ್ದಕ್ಕೆ ಬೈದಳು. ಅರ್ಧ ಅರ್ಥವಾದ ಅಮ್ಮಿ ಸೆರಗು ಬಾಯಿಗಿಟ್ಟು ನಕ್ಕಳು. ಅಂದು ಎಷ್ಟೋ ದಿನಗಳ ಮೇಲೆ ಐದೂ ಜನ ಒಟ್ಟಿಗೆ ಉಂಡೆವು, ಬೇಗ ದೀಪ ಆರಿಸಿದೆವು. ನಸೀಮಾ ಫುಪ್ಪುವಿನ ಪಕ್ಕ ಮಲಗಿದವಳು ರಾತ್ರಿಯೆಲ್ಲ ಒಮ್ಮೆಯೂ ಏಳಲಿಲ್ಲ. ಅಬ್ಬಾನಿಗೂ ಎಚ್ಚರವಾಗದೆ, ಬೆಳಕು ಹರಿದು ಶಿವಣ್ಣ ಹೊಟ್ಟಿನ ಗಾಡಿ ತಂದು ಬಾಗಿಲು ಬಡಿದ ಮೇಲೆಯೇ ಮನೆ ಎದ್ದಿತು. ನಸೀಮಾಳಿಗೆ ಈಗ ಇಬ್ಬರು ಮಕ್ಕಳು. ಆ ಎರಡು ನಿಮಿಷ ಅವಳಿಗೆ ನೆನಪಿದೆಯೇ ಎಂದು ನಾನು ಇದುವರೆಗೆ ಕೇಳಿಲ್ಲ. ಫುಪ್ಪು ಅದನ್ನು ತಿಳಿಯದೆಯೇ ಮಣ್ಣಿಗೆ ಹೋದಳು. ಆ ರಾತ್ರಿ ಅದನ್ನು ಎದೆಯಲ್ಲಿಟ್ಟುಕೊಂಡು ಮಲಗಿದವನಿಗೆ ನಿದ್ದೆ ಬರಬಾರದಿತ್ತು. ಬಂತು. ಎಲ್ಲರಿಗಿಂತ ಕೊನೆಗೆ ಎದ್ದವನು ನಾನು.